ಅಮ್ಮನ ಮೂಗಿಗೆ ಬತ್ತಿ ತುಂಬಿದ್ದ ಎರಡು ದಿನ

ಜನವರಿ 17, ಶನಿವಾರ, ಬೆಳಿಗ್ಗೆ 6:10.

ಅಮ್ಮ ಮೀನು ತರಲು ಬಂದರಿಗೆ ಹೊರಟಿದ್ದಳು. ಜಗಲಿಯಲ್ಲಿ ಬಗ್ಗಿ ಚಪ್ಪಲಿ ಹಾಕಿಕೊಳ್ಳುವಾಗ ಮೂಗಿನ ಬಲ ಹೊಳ್ಳೆಯಿಂದ ರಕ್ತ ಬಂತು. ತೊಟ್ಟಿಕ್ಕಲಿಲ್ಲ, ಸುರಿಯಿತು. ಗಂಟೆ ನೋಡಿಟ್ಟುಕೊಳ್ಳುವುದು ನನ್ನ ಅಭ್ಯಾಸ. ಊರಿನ ಹಾಲು ಸೊಸೈಟಿಯಲ್ಲಿ ಎರಡು ಹೊತ್ತೂ ಲೀಟರು, ಫ್ಯಾಟು ಬರೆಯುವವಳು ನಾನು; ಮನೆಯಲ್ಲೂ ದಿನಚರಿ ಇಡುತ್ತೇನೆ. ಅಪ್ಪ ಆ ವಾರ ಬೋಟಿನಲ್ಲಿದ್ದರು. ಮನೆಯಲ್ಲಿ ಇದ್ದದ್ದು ನಾವಿಬ್ಬರೇ.

ಇಬ್ಬರೇ ಎಂದೆ, ಆದರೆ ಐದು ನಿಮಿಷದಲ್ಲಿ ಅಂಗಳದಲ್ಲಿ ಒಂಬತ್ತು ಜನ. ಅವರಲ್ಲಿ ಆರು ಜನ ಹೇಳಿದ್ದು ಒಂದೇ ಮಾತು: "ತಲಿ ಮೇಲ್ ಮಾಡ್, ಆಕಾಶ ಕಾಣ್!" ಅಮ್ಮ ಆಕಾಶ ಕಂಡಳು. ರಕ್ತವೆಲ್ಲ ಗಂಟಲಿಗೆ ಇಳಿದು, ಸ್ವಲ್ಪ ಹೊತ್ತಿಗೆ ಕಪ್ಪಗೆ ವಾಂತಿಯಾಯಿತು. ಅದನ್ನು ನೋಡಿ ಆ ಆರು ಜನವೂ ಹೆದರಿದರು. ಮೂಗಿನ ಮೆದು ಭಾಗವನ್ನು ಹಿಡಿದು ಮುಂದಕ್ಕೆ ಬಾಗಬೇಕು ಎಂದು ಕುಂದಾಪುರದ ಕ್ಲಿನಿಕ್ಕಿನಲ್ಲಿ ಹೇಳಿಕೊಡುವವರೆಗೆ ನನಗೂ ಗೊತ್ತಿರಲಿಲ್ಲ. ಅಲ್ಲಿ ಹಿಡಿದರೂ ನಿಲ್ಲಲಿಲ್ಲ. ಬಿ.ಪಿ. ಏರಿತ್ತು. ಮೂಗಿನ ಡಾಕ್ಟರು ಇರುವ ಕಡೆಗೆ ಹೋಗಿ ಎಂದರು. ಪಕ್ಕದ ಮನೆಯ ರಿಕ್ಷಾದಲ್ಲೇ ಬ್ರಹ್ಮಾವರಕ್ಕೆ ಹೋದೆವು. ದಾರಿಯಲ್ಲಿ ಅಮ್ಮ ಹಾಳು ಮಾಡಿದ ಟವೆಲು ಎರಡು.

ಬ್ರಹ್ಮಾವರದಲ್ಲಿ ಡಾಕ್ಟರು ಔಷಧಿ ಹಚ್ಚಿದ ಉದ್ದನೆಯ ಬಟ್ಟೆಪಟ್ಟಿಯನ್ನು ಚಿಮಟಿಗೆಯಲ್ಲಿ ಹಿಡಿದು ಮಡಚಿ ಮಡಚಿ ಮೂಗಿನೊಳಗೆ ತುಂಬಿದರು. ಆಸ್ಪತ್ರೆಯವರು ಅದಕ್ಕೆ 'ಪ್ಯಾಕ್' ಎಂದರು. ನಮ್ಮೂರಿನವರು ಆಮೇಲೆ ಅದನ್ನು 'ಬತ್ತಿ' ಎಂದರು. ಮೊದಲು ಬಲಕ್ಕೆ, ಆಮೇಲೆ ಎಡಕ್ಕೂ. ರಕ್ತ ನಿಂತಿತು. ಅಷ್ಟು ಉದ್ದದ ಪಟ್ಟಿ ಒಂದು ಮೂಗಿನಲ್ಲಿ ಹಿಡಿಸುತ್ತದೆ ಎಂದು ನಾನು ಊಹಿಸಿಯೇ ಇರಲಿಲ್ಲ. ಅಮ್ಮನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಆದರೆ ಅವಳು ಕೂಗಲಿಲ್ಲ. ಸೋಮವಾರ ಬನ್ನಿ, ತೆಗೆಯುತ್ತೇವೆ ಎಂದರು. ಕೊಟ್ಟ ಚೀಟಿಯಲ್ಲಿ ಹೀಗಿತ್ತು: ಮೂಗು ಸೀಟಬಾರದು, ಬಿಸಿ ತಿನ್ನಬಾರದು, ಭಾರ ಎತ್ತಬಾರದು, ಮಾತ್ರೆ ಮೂರು ಬಗೆ. ಉಸಿರಿನ ಬಗ್ಗೆ ಒಂದು ಅಕ್ಷರ ಇರಲಿಲ್ಲ.

ನಾನು ನರ್ಸಮ್ಮನನ್ನು ಕೇಳಿದೆ: "ಎರಡೂ ಬದಿ ಕಟ್ಟಿದ್ರೆ ಉಸ್ರಿಗೆ ತೊಂದ್ರೆ ಆತಿಲ್ಯಾ?"

ಅವರು ಬೇರೆ ರೋಗಿಯ ಕೈಗೆ ಸೂಜಿ ಚುಚ್ಚುತ್ತ, ತಿರುಗಿ ನೋಡದೆ ಹೇಳಿದರು: "ಬಾಯಿ ಇತ್ತಲ್ಲ ಮಾರಾಯ್ತಿ."

ಹೌದು, ಅಮ್ಮನಿಗೆ ಬಾಯಿ ಇದೆ. ಕುಂದಾಪುರದ ಮೀನು ಮಾರ್ಕೆಟ್ಟಿನಲ್ಲಿ ಆ ಬಾಯಿಯನ್ನು ಅರಿಯದವರು ಕಡಿಮೆ. "ಹ್ವಾಯ್, ಬಂಗ್ಡಿ ಕಾಣಿ! ಕಣ್ ಕಾಣಿ ಅದ್ರದ್, ನಿಮ್ನೇ ಕಾಂತಾ ಇತ್ತ್!" ಎಂದು ಅವಳು ಕೂಗಿದರೆ ರಸ್ತೆಯ ಆಚೆ ಬದಿಯವರೂ ನಿಲ್ಲುತ್ತಾರೆ. ಆದರೆ ಅದು ಮಾರ್ಕೆಟ್ಟಿನ ಬಾಯಿ. ಮನೆಯಲ್ಲಿ, ಅದರಲ್ಲೂ ಅಪ್ಪನ ಕಡೆಯವರ ಎದುರಿಗೆ, ಆ ಬಾಯಿ ತೆರೆಯುವುದಿಲ್ಲ. ನಗು ಬಂದರೆ ಸೆರಗು ಅಡ್ಡ. ಆಕಳಿಕೆ ಬಂದರೆ ಅಡುಗೆಮನೆಗೆ ಹೋಗಿ ಆಕಳಿಸುತ್ತಾಳೆ. ಮದುವೆಯಾಗಿ ಬಂದ ವರ್ಷ ಅಪ್ಪನ ಅಕ್ಕ, ಎಂದರೆ ನನ್ನ ಅತ್ತೆ, ನಾಲ್ಕು ಜನರ ನಡುವೆ "ಹೆಣ್ಮಕ್ಳ್ ಬಾಯಿ ಮನಿ ಬಾಗ್ಲ್ ಇದ್ದಂಗೆ, ತೆರ್ದಿಟ್ರೆ ನಾಯಿ ಹೊಕ್ಕುತ್ತ್" ಎಂದಿದ್ದರಂತೆ. ಅತ್ತೆ ಈಗ ಬೈಂದೂರಿನಲ್ಲಿದ್ದಾರೆ. ಅವರು ಬಂದಾಗಲೆಲ್ಲ ಅಮ್ಮನ ತುಟಿ ಇವತ್ತಿಗೂ ಹೊಲಿದ ಹಾಗೆ ಕೂಡುತ್ತದೆ.

ಇದನ್ನು ನರ್ಸಮ್ಮನಿಗೆ ಹೇಗೆ ಹೇಳುವುದು? ಅದು ಮುಖ್ಯ ಎಂದು ಆಗ ನನಗೂ ಅನ್ನಿಸಿರಲಿಲ್ಲ.

ಶನಿವಾರ ಮಧ್ಯಾಹ್ನ ಮನೆಗೆ ಬಂದೆವು. ಕೊರೊನಾ ಕಾಲದಲ್ಲಿ ತಂದ ಆಕ್ಸಿಮೀಟರ್, ಬೆರಳಿಗೆ ಸಿಕ್ಕಿಸಿದರೆ ರಕ್ತದ ಆಮ್ಲಜನಕ ತೋರಿಸುವ ಆ ಪುಟ್ಟ ಯಂತ್ರ, ಕಪಾಟಿನಲ್ಲಿ ಬಿದ್ದಿತ್ತು. ಸೆಲ್ ಬದಲಿಸಿ ಮೊದಲು ನನ್ನ ಬೆರಳಿಗೇ ಹಾಕಿಕೊಂಡೆ: 98. ಆಮೇಲೆ ಮೂಗು ಹಿಡಿದುಕೊಂಡು ಹತ್ತು ನಿಮಿಷ ಬಾಯಲ್ಲೇ ಉಸಿರಾಡಿದೆ: 98, 97, 98. ಬಾಯಿ ಒಣಗಿತು, ಎಂಜಲು ನುಂಗುವಾಗ ಕಿವಿ ಕಟ್ಟಿತು, ಬೇರೇನೂ ಆಗಲಿಲ್ಲ. "ಮೂಗು ಕಟ್ಟಿದರೆ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ" ಎಂದು ದಿನಚರಿಯಲ್ಲಿ ಬರೆದೆ. ಇಪ್ಪತ್ನಾಲ್ಕು ವರ್ಷದ ಆರೋಗ್ಯವಂತ ಶ್ವಾಸಕೋಶದ ಲೆಕ್ಕ ಅದು. ಅಮ್ಮನಿಗೆ ಐವತ್ತೆಂಟು. ಮಳೆಗಾಲಕ್ಕೆಂದು ಮೀನು ಒಣಗಿಸಿ, ಸೌದೆ ಒಲೆಯ ಹೊಗೆ ಕುಡಿದು, ಪ್ರತಿ ಚಳಿಗಾಲದಲ್ಲೂ ಕೆಮ್ಮುವ ಶ್ವಾಸಕೋಶ ಅವಳದು.

ಬೆನ್ನಿಗೆ ದಿಂಬು ಕೊಟ್ಟು, ಬಾಯಿ ತೆರೆದು ಕುಳಿತಾಗ ಅಮ್ಮನದು 95. ಪರವಾಗಿಲ್ಲ ಎಂದುಕೊಂಡೆ.

ಸಂಜೆಯಿಂದ ಜನ ಬರತೊಡಗಿದರು. ನಮ್ಮಲ್ಲಿ ರೋಗಿಯನ್ನು ನೋಡಲು ಹೋಗುವುದೆಂದರೆ ಒಂದು ಋಣ. ಹೋಗದಿದ್ದರೆ ಮಾತು ಬರುತ್ತದೆ, ಹೋದರೆ ಕೂರಬೇಕು, ಕೂತರೆ ಎಲೆಅಡಿಕೆ ತಟ್ಟೆ ಬರಬೇಕು. ಶನಿವಾರ ರಾತ್ರಿ ಊಟದ ಹೊತ್ತಿನೊಳಗೆ ಬಂದವರು ಹದಿನಾಲ್ಕು ಜನ. ಒಬ್ಬರೂ ಅಮ್ಮನನ್ನು ಬಾಯಿ ತೆರೆದು ಕೂರಲು ಬಿಡಲಿಲ್ಲ. ಬೇಕೆಂದು ಮಾಡಿದ್ದಲ್ಲ. ಅವರು ಅಂಗಳಕ್ಕೆ ಕಾಲಿಟ್ಟ ಸದ್ದಿಗೇ ಅಮ್ಮ ಸೆರಗನ್ನು ಬಾಯಿಗೆ ಎಳೆದುಕೊಳ್ಳುತ್ತಿದ್ದಳು. ತುಟಿ ಬಿಗಿದು, ಒಂದು ಮೂಲೆಯಿಂದ ಮಾತ್ರ, ಸೈಕಲ್ ಟ್ಯೂಬಿಗೆ ಮುಳ್ಳು ಚುಚ್ಚಿದ ಹಾಗೆ ಸುಂಯ್ ಎಂದು ಉಸಿರು ಎಳೆಯುತ್ತಿದ್ದಳು. ಯಂತ್ರ 91 ತೋರಿಸಿತು. ಅವರು ಹೋದ ಮೇಲೆ ಸೆರಗು ಇಳಿಯಿತು: 94. ಮತ್ತೆ ಇಬ್ಬರು ಬಂದರು: 90. ಬೆರಳು ತಣ್ಣಗಿರಬಹುದೆಂದು ಉಜ್ಜಿ ಬಿಸಿ ಮಾಡಿ ಹಾಕಿದೆ. ಬೆರಳು ಬದಲಿಸಿದೆ. ಅದೇ.

ಇನ್ನೊಂದು ವಿಷಯ ಗಮನಿಸಿದೆ. ಕುಳಿತಲ್ಲೇ ಜೋಂಪು ಹತ್ತಿದ ಕೂಡಲೇ ಅಮ್ಮನ ಬಾಯಿ ತಾನಾಗಿ ಮುಚ್ಚುತ್ತಿತ್ತು. ನಿದ್ದೆಯಲ್ಲಿ ಮನುಷ್ಯನಿಗೆ ಮೂಗೇ ಅಭ್ಯಾಸ. ಆ ಮೂಗಿನಲ್ಲಿ ಬಟ್ಟೆ. ಅಂಕಿ 89ಕ್ಕೆ, 88ಕ್ಕೆ ಇಳಿದಾಗ, ನೀರಿನಡಿಯಿಂದ ಎದ್ದವಳ ಹಾಗೆ ಬಾಯಿ ತೆರೆದು ಬೆಚ್ಚಿ ಏಳುತ್ತಿದ್ದಳು. ಚೀಟಿಯ ಮಾತ್ರೆಗಳಲ್ಲಿ ಒಂದು ನಿದ್ದೆ ಬರಿಸುವಂಥದ್ದು. ಮಲಗಲು ಮಾತ್ರೆ, ಮಲಗಲು ಬಿಡದ ಮೂಗು. ಆ ರಾತ್ರಿ ಅಮ್ಮ ಸರಿಯಾಗಿ ನಿದ್ದೆ ಮಾಡಲಿಲ್ಲ.

ಭಾನುವಾರ ಬೆಳಿಗ್ಗೆ ಆಸ್ಪತ್ರೆಗೆ ಫೋನು ಮಾಡಿದೆ. ಅಂಕಿಗಳನ್ನೆಲ್ಲ ಓದಿ ಹೇಳಿದೆ. ಆ ಕಡೆಯವರು ನಡುವೆಯೇ ಕೇಳಿದರು:

"ಪೇಶೆಂಟ್ ಮಾತಾಡ್ತಿದ್ದಾರಾ?"

"ಮಾತಾಡ್ತಾರೆ."

"ಹಾಗಾದ್ರೆ ತೊಂದ್ರೆ ಇಲ್ಲ. ಆ ಮನೆ ಮೆಷಿನ್ನೆಲ್ಲ ನಂಬ್ಬೇಡಿ. ನಾಳೆ ಬನ್ನಿ."

ನನ್ನ ಬೆರಳಿಗೆ 98 ತೋರಿಸುವ ಯಂತ್ರ ಅಮ್ಮನ ಬೆರಳಿಗೆ ಮಾತ್ರ ಸುಳ್ಳು ಹೇಳುತ್ತದೆಯೇ? ಕೇಳಬೇಕು ಎಂದುಕೊಳ್ಳುವಷ್ಟರಲ್ಲಿ ಫೋನು ಇಟ್ಟಿದ್ದರು. ನನಗೆ ಸಿಟ್ಟು ಬಂದದ್ದು ಅಲ್ಲಿಂದ. ಇವತ್ತಿಗೂ ಇಳಿದಿಲ್ಲ.

ಭಾನುವಾರ ಮಧ್ಯಾಹ್ನ ಊಟವಾಗಿ, ಅಮ್ಮ ಮಾತ್ರೆ ನುಂಗಿ ಅರ್ಧ ಗಂಟೆಯಾಗಿತ್ತು. ಬೈಂದೂರಿನಿಂದ ಅತ್ತೆ ಬಂದರು. ಜೊತೆಗೆ ಅವರ ಇಬ್ಬರು ಸೊಸೆಯರು, ನಾಲ್ಕು ಎಳನೀರಿನ ಬೊಂಡ, ಒಂದು ಪೊಟ್ಟಣ ಬಿಸ್ಕತ್ತು. ಅಮ್ಮನನ್ನು ನೋಡಿ ಅತ್ತೆ ಬಾಗಿಲಲ್ಲೇ ನಿಂತರು. ಬತ್ತಿಯ ತುದಿಯ ದಾರಗಳನ್ನು ಆಸ್ಪತ್ರೆಯವರು ಎರಡು ಕೆನ್ನೆಗೂ ಪ್ಲಾಸ್ಟರಿನಿಂದ ಅಂಟಿಸಿದ್ದರು.

"ಎಂತ ಮಾರಾಯ್ತಿ ಇದ್! ಎತ್ತಿಗ್ ಮೂಗ್ದಾರ ಹಾಕ್ದಂಗಿತ್ತಲೆ!"

ಸೊಸೆಯರು ನಕ್ಕರು. ನಿಜ ಹೇಳಬೇಕೆಂದರೆ ನನಗೂ ನಗು ಬಂತು. ಅಮ್ಮನೂ ಕಣ್ಣಲ್ಲೇ ನಕ್ಕಳು. ನಗುವಾಗ ಸೆರಗು ಬಾಯಿಗೆ ಹೋದದ್ದು ಕೆಳಗಿಳಿಯಲಿಲ್ಲ.

"ಅತ್ತೆ, ಅಮ್ಮಂಗೆ ಬಾಯಗೇ ಉಸ್ರಾಡ್ಕ್. ಸೆರಗ್ ತೆಗಿಲಿ," ಎಂದೆ.

"ಉಸ್ರಾಡ್ಲಿ ಹೆಣೆ, ಯಾರ್ ಬ್ಯಾಡ ಅಂದ್ರ್? ಅದಕ್ಕೆ ಬೊಳೆಂಜಿರ್ ಮೀನ್ ಕಂಡಂಗೆ ಬಾಯ್ ಕಳ್ಕಂಡ್ ಕೂಕಣ್ಕಾ? ನೊಣ ಹೊಕ್ಕುತ್ತಷ್ಟೆ." ಆಮೇಲೆ ಅಮ್ಮನ ಬೆರಳು ನೋಡಿದರು. "ಅದೆಂತ, ಏಡಿ ಕಚ್ಕಂಡ್ ಕೂಕಂಡಂಗಿತ್ತ್?"

ಅದು ಉಸಿರಿನ ಲೆಕ್ಕ ತೋರಿಸುತ್ತದೆ ಎಂದೆ. ಆಗ 92 ಇತ್ತು.

"ನೂರಕ್ಕೆ ತೊಂಬತ್ತೆರಡಾ? ನನ್ ಮೊಮ್ಮಗಂಗೆ ಮೂವತ್ತೈದ್ ಬಂದ್ರೆ ನಾವ್ ಪಾಯ್ಸ ಮಾಡ್ತ್!"

ಮತ್ತೆ ನಗು. ಪಾಪ, ಅತ್ತೆ ಕೆಟ್ಟವರಲ್ಲ. ನಗಿಸಲು ಬಂದವರು. ಅವರು ತಟ್ಟೆ ಎಳೆದುಕೊಂಡು, ಎಲೆಗೆ ಸುಣ್ಣ ಹಚ್ಚಿ, ಎರಡು ಬೀಡ ಕಟ್ಟಿದರು. ಒಂದನ್ನು ಅಮ್ಮನ ಎದುರು ಹಿಡಿದರು. ಅಮ್ಮ ಬೇಡವೆಂದು ಕೈಯಾಡಿಸಿದಳು.

"ನೀನ್ ಹಾಕದ್ದೆ ನಾನೊಬ್ಳೇ ಹಾಕುದಾ? ನಿನ್ ಮನಿಗ್ ಬಂದ್ ನಾನ್ ಒಬ್ಳೇ ಎಲಿ ತಿಂಬುದು ಅಂದ್ರೆ ಎಂತ ಅರ್ಥ?"

ಅದರ ಅರ್ಥ ನಮ್ಮಲ್ಲಿ ಎಲ್ಲರಿಗೂ ಗೊತ್ತು. ಮನೆಯೊಡತಿ ಜೊತೆಗೆ ಎಲೆ ಹಾಕದಿದ್ದರೆ ಬಂದವರು ಏಳಲಿ ಎಂದು ಕಾಯುತ್ತಿದ್ದಾಳೆ ಎಂದು. ಅಮ್ಮ ಬೀಡವನ್ನು ತೆಗೆದುಕೊಂಡು ಬಾಯಿಗಿಟ್ಟಳು. ನಾನು "ಅಮ್ಮಾ" ಎಂದೆ. ಅವಳು ನನ್ನನ್ನು ಸುಮ್ಮನಿರು ಎಂಬಂತೆ ನೋಡಿದಳು. ಕೆನ್ನೆ ತುಂಬ ಎಲೆ, ತುಂಬಿದ ರಸ, ಅದು ಚೆಲ್ಲದ ಹಾಗೆ ಮುಚ್ಚಿದ ತುಟಿ, ಮೇಲೆ ಸೆರಗು. ಮೂಗಿನಲ್ಲಿ ಬತ್ತಿ. ಗಾಳಿ ಹೋಗಲು ದೇಹದಲ್ಲಿ ಉಳಿದಿದ್ದ ಒಂದೇ ದಾರಿಯನ್ನು ಮರ್ಯಾದೆ ಬಂದು ಮುಚ್ಚಿತು.

90. 89. ಅತ್ತೆ ಬೈಂದೂರಿನ ಯಾರದೋ ಗೃಹಪ್ರವೇಶದ ಕಥೆ ಹೇಳುತ್ತಿದ್ದರು. ಅಮ್ಮ ತಲೆಯಾಡಿಸುತ್ತಿದ್ದಳು. 87. ತಲೆಯಾಡಿಸುವುದು ನಿಧಾನವಾಯಿತು. ಮಾತ್ರೆಯ ನಿದ್ದೆ ಎಂದುಕೊಂಡರು ಎಲ್ಲರೂ. "ಮನಿಕಂಬ್ಲಿ ಬಿಡ್, ನಿನ್ನೆ ನಿದ್ರಿ ಇಲ್ಲೆ ಅಂಬ್ರ್" ಎಂದು ದೊಡ್ಡ ಸೊಸೆ ಪ್ರೀತಿಯಿಂದ ದಿಂಬು ತೆಗೆದು ಅಮ್ಮನನ್ನು ಅಂಗಾತ ಮಲಗಿಸಿದಳು. 84. ತುಟಿಯ ಮೂಲೆಯಲ್ಲಿ ಎಲೆಯ ಕೆಂಪು, ಆ ಕೆಂಪಿನ ಸುತ್ತ ತುಟಿ ನೇರಳೆ. ಗಂಟಲಿನಲ್ಲಿ ಗೊರಗೊರ ಸದ್ದು. 81.

ನಾನು ಸೆರಗು ಕಿತ್ತೆಸೆದೆ. ಅಮ್ಮನನ್ನು ಎಬ್ಬಿಸಿ ಮುಂದಕ್ಕೆ ಬಗ್ಗಿಸಿ, ಬಾಯೊಳಗೆ ಎರಡು ಬೆರಳು ಹಾಕಿ ಎಲೆಯನ್ನೆಲ್ಲ ಗೋರಿ ನೆಲಕ್ಕೆ ಹಾಕಿದೆ. ಕೆಂಪು ನೀರು ಅತ್ತೆಯ ಸೀರೆಯ ಮೇಲೆ ಹಾರಿತು. ಅಮ್ಮ ಹಾ ಎಂದು ಉಸಿರು ಎಳೆದಳು, ಕೆಮ್ಮಿದಳು, ಮತ್ತೆ ಎಳೆದಳು. ಸೊಸೆಯರು ಅವಳ ಮೇಲೆ ಬಗ್ಗಿ, ಬೆನ್ನು ಸವರಿ, ನೀರು ಕುಡಿಸಲು ನೋಡಿ, ಗಾಳಿಗೆ ಅಡ್ಡ ನಿಂತರು.

"ಎಲ್ಲರೂ ಹೊರ್ಗ್ ಹೋಯ್ನಿ!" ಎಂದು ಕೂಗಿದೆ. ಅದು ಅಮ್ಮನ ಮಾರ್ಕೆಟ್ಟಿನ ದನಿ; ನನ್ನಲ್ಲಿ ಅದಿದೆ ಎಂದು ನನಗೇ ಗೊತ್ತಿರಲಿಲ್ಲ.

ಅತ್ತೆ ಎದ್ದು ನಿಂತರು. "ನನ್ ತಮ್ಮನ ಮನಿಯಂಗೆ ನಂಗೇ ಹೊರ್ಗ್ ಹೋಪುಕೆ ಹೇಳ್ತ್ಯಾ?"

"ಹೌದ್, ಹೇಳ್ತೆ. ಮೊದ್ಲ್ ಗಾಳಿ ಬರ್ಲಿ, ಆಮೇಲೆ ನೀವ್ ಬನ್ನಿ."

ಹೋದರು. ಬೊಂಡ, ಬಿಸ್ಕತ್ತು ಅಲ್ಲೇ ಉಳಿದವು.

ಅಮ್ಮನ ಅಂಕಿ 89ಕ್ಕೆ ಏರಿ ಅಲ್ಲೇ ನಿಂತಿತು. ರಿಕ್ಷಾ ಕರೆದೆ. ಬ್ರಹ್ಮಾವರದವರೆಗೆ ಹೋಗುವ ಧೈರ್ಯವಿರಲಿಲ್ಲ. ಕುಂದಾಪುರದಲ್ಲೇ ಒಂದು ಆಸ್ಪತ್ರೆಗೆ ಹೋದೆ. ದಾರಿಯುದ್ದಕ್ಕೂ ನನ್ನ ಒಂದು ಕೈ ಅಮ್ಮನ ಗಲ್ಲ ಹಿಡಿದಿತ್ತು, ಬಾಯಿ ಮುಚ್ಚದ ಹಾಗೆ. ತ್ರಾಸಿಯಲ್ಲಿ ಪರಿಚಯದ ಹೆಂಗಸೊಬ್ಬಳು ರಸ್ತೆ ಬದಿಯಿಂದ ಕೈಬೀಸಿದಳು. ಅಮ್ಮ ಆಗಲೂ ಬಾಯಿ ಮುಚ್ಚಲು ನೋಡಿದಳು.

ಅಲ್ಲಿದ್ದ ಡ್ಯೂಟಿ ಡಾಕ್ಟರು ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಅವಳು ಮೊದಲು ಅಮ್ಮನನ್ನು ನೆಟ್ಟಗೆ ಕೂರಿಸಿದಳು. ತೆರೆದ ಬಾಯಿಯ ಮೇಲೆ ಮಾಸ್ಕ್ ಇಟ್ಟು ಆಮ್ಲಜನಕ ಕೊಟ್ಟಳು. ಬ್ರಹ್ಮಾವರದ ಡಾಕ್ಟರಿಗೆ ತಾನೇ ಫೋನು ಮಾಡಿ ಮಾತಾಡಿದಳು. ಆಮೇಲೆ ರಕ್ತ ಬಾರದಿದ್ದ ಎಡಗಡೆಯ ಬತ್ತಿಯನ್ನು ಮೆಲ್ಲನೆ ಎಳೆದು ತೆಗೆದಳು. ತೆಗೆದಷ್ಟೂ ಬರುತ್ತಲೇ ಇತ್ತು. ಎಡ ಹೊಳ್ಳೆಯಲ್ಲಿ ಗಾಳಿ ಆಡಿದ ಕೂಡಲೇ ಅಮ್ಮ ಕಣ್ಣು ಮುಚ್ಚಿದಳು. ಹಸಿವಾದವರು ಮೊದಲ ತುತ್ತಿಗೆ ಕಣ್ಣು ಮುಚ್ಚುತ್ತಾರಲ್ಲ, ಹಾಗೆ. ಸ್ವಲ್ಪ ಹೊತ್ತಿಗೆ ಮಾಸ್ಕ್ ತೆಗೆದು ನೋಡಿದರು. 95.

ನಾನು ಬರೆದಿಟ್ಟ ಅಂಕಿಗಳನ್ನು ತೋರಿಸಿದೆ. ಅವಳು ಕೊನೆಯವರೆಗೆ ಓದಿದಳು. ನಗಲಿಲ್ಲ.

"ಆರೋಗ್ಯವಾಗಿರುವವರಿಗೆ ಎರಡೂ ಮೂಗು ಕಟ್ಟಿದರೂ ಅಂಕಿ ಹೆಚ್ಚು ಇಳಿಯುವುದಿಲ್ಲ," ಎಂದಳು. "ವಯಸ್ಸಾದವರು, ಶ್ವಾಸಕೋಶ ಸರಿ ಇಲ್ಲದವರು, ಗೊರಕೆ ಹೊಡೆಯುವವರು, ಇವರಿಗೆ ಇಳಿಯಬಹುದು. ನಿದ್ದೆಯಲ್ಲಿ ಹೆಚ್ಚು. ಅದಕ್ಕೇ ಅಂಥವರನ್ನು ಕಣ್ಣಿಟ್ಟು ನೋಡಿಕೊಳ್ಳಬೇಕು, ನಿದ್ದೆ ಮಾತ್ರೆ ಕೊಡುವಾಗ ಯೋಚಿಸಬೇಕು."

"ಇದು ಮೊದಲೇ ಗೊತ್ತಿರುವ ವಿಷಯವಾ?"

"ಗೊತ್ತಿರುವುದೇ."

"ಮತ್ತೆ ನಮಗೆ ಯಾಕೆ ಹೇಳಲಿಲ್ಲ?"

ಅವಳು ನಾನು ಬರೆದದ್ದನ್ನು ನನ್ನ ಕೈಗೆ ಮರಳಿಸಿದಳು. ಅದಕ್ಕೆ ಉತ್ತರ ಕೊಡಬೇಕಾದವಳು ಅವಳಲ್ಲ.

ಮೂಗಿನ ಒಳಗೆ ಏನಾದರೂ ತುಂಬಿದರೆ ಅದೇ ಕಾರಣಕ್ಕೆ ಶ್ವಾಸಕೋಶವೂ ಬಿಗಿಯುತ್ತದೆ ಎಂದು ಕೆಲವರು ಹೇಳುತ್ತಾರಂತೆ. ಇಲ್ಲ, ಬರೀ ನಿದ್ದೆಯ ತೊಂದರೆ ಎಂದು ಇನ್ನು ಕೆಲವರು. ತನಗೆ ಖಚಿತವಿಲ್ಲ ಎಂದಳು. ಖಚಿತವಿಲ್ಲ ಎಂದು ಹೇಳಿದ ಡಾಕ್ಟರು ಆ ಎರಡು ದಿನದಲ್ಲಿ ಅವಳೊಬ್ಬಳೇ.

ಅಮ್ಮನನ್ನು ಆ ರಾತ್ರಿ ಅಲ್ಲೇ ಇಟ್ಟುಕೊಂಡರು. ಸೋಮವಾರ ಬ್ರಹ್ಮಾವರದಲ್ಲಿ ಬಲಗಡೆಯದನ್ನೂ ತೆಗೆದರು. ರಕ್ತ ಬರಲಿಲ್ಲ. ರಕ್ತ ಬಾರದ ಬದಿಗೆ ಯಾಕೆ ತುಂಬಿದಿರಿ ಎಂದು ಡಾಕ್ಟರನ್ನು ಕೇಳಿದೆ. ಎರಡೂ ಕಡೆ ತುಂಬಿದರೆ ನಡುವಿನ ಗೋಡೆಗೆ ಒತ್ತು ಸರಿಯಾಗಿ ಸಿಗುತ್ತದೆ ಎಂದರು. ಅದು ಸರಿಯೇ ಇರಬಹುದು. ಬತ್ತಿಯ ಮೇಲೆ ನನಗೆ ಸಿಟ್ಟಿಲ್ಲ. ಅದು ರಕ್ತ ನಿಲ್ಲಿಸಿತು. ಬಾಯಿ ಇದೆಯಲ್ಲ ಎಂದು ಕಳಿಸಿಬಿಟ್ಟರಲ್ಲ, ಸಿಟ್ಟು ಅದಕ್ಕೆ. ದಿಂಬು ಕೊಟ್ಟು ಕೂರಿಸಿಯೇ ಮಲಗಿಸಿ, ಬಾಯಿ ಮುಚ್ಚಲು ಬಿಡಬೇಡಿ, ಎರಡು ದಿನ ಎಲೆಅಡಿಕೆ ಬೇಡ, ಜನ ಬೇಡ: ಇಷ್ಟು ಹೇಳಲು ಅರ್ಧ ನಿಮಿಷ ಸಾಕಿತ್ತು. ಡಾಕ್ಟರೇ ಹೇಳಿದ್ದಾರೆ ಎಂದರೆ ಅತ್ತೆಯೂ ಕೇಳುತ್ತಿದ್ದರು. ಮಗಳು ಹೇಳಿದರೆ ಅದು ಬಾಯಿಜೋರು.

ಮನೆಗೆ ಬಂದ ಮೇಲೆ ಅಮ್ಮ ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ಮೀನು ಕೊಯ್ಯುತ್ತ ಹೇಳಿದಳು: "ಅತ್ತಿಗೆ ಎದ್ರ್ ನನ್ ಬಾಯಿಗ್ ಕೈ ಹಾಕ್ದೆ ಅಲ್ದಾ ನೀನ್."

"ಹಾಕದಿದ್ರೆ ನೀನ್ ಇರ್ತಿರ್ಲಿಲ್ಲ."

"ಇರ್ತಿದ್ದೆ. ಇಲ್ದಿದ್ರೂ ಮರ್ಯಾದಿಯಂಗೆ ಹೋತಿದ್ದೆ."

ಬೈಂದೂರಿನಿಂದ ಫೋನು ನಿಂತಿತ್ತು. ನಾನು ಹೋಗಿ ತಪ್ಪಾಯಿತು ಎನ್ನಬೇಕು ಎಂದು ಅಮ್ಮನ ಹಟ. ಬೋಟಿನಿಂದ ಬಂದ ಅಪ್ಪ ಎರಡೂ ಕಡೆ ಕೇಳಿ ಬಲೆ ರಿಪೇರಿಗೆ ಹೋದರು. ನಾನು ಹೋಗಲಿಲ್ಲ. ಫೆಬ್ರವರಿ ಒಂದರಂದು ಅಮ್ಮನೇ ಒಳ್ಳೆಯ ಅಂಜಲ್ ಮೀನು ಎರಡು ಕಟ್ಟಿಕೊಂಡು, ಬಸ್ಸು ಹತ್ತಿ, ಬೈಂದೂರಿಗೆ ಹೋದಳು. ನನ್ನ ಪರವಾಗಿ ಕ್ಷಮೆ ಕೇಳಿ ಸಂಜೆ ಬಂದಳು. ಅತ್ತೆ ಸಮಾಧಾನವಾದರಂತೆ. ಉಸಿರು ಕಟ್ಟಿದ್ದು ಅವಳಿಗೆ, ತಪ್ಪಾಯಿತು ಎಂದದ್ದೂ ಅವಳೇ.

ನನ್ನ ಹತ್ತಿರ ಇರುವುದು ಒಬ್ಬಳೇ ಹೆಂಗಸಿನ, ಎರಡೇ ದಿನದ ಲೆಕ್ಕ. ಅದರಿಂದ ಏನನ್ನೂ ಸಾಬೀತು ಮಾಡಲು ಆಗುವುದಿಲ್ಲ. ಓದುವವರಲ್ಲಿ ಎರಡೂ ಮೂಗಿಗೆ ಬತ್ತಿ ತುಂಬಿಸಿಕೊಂಡವರು, ಅಂಥವರನ್ನು ಮನೆಯಲ್ಲಿ ನೋಡಿಕೊಂಡವರು, ಆಸ್ಪತ್ರೆಯಲ್ಲಿ ಆ ಕೆಲಸ ಮಾಡುವವರು ಇದ್ದರೆ, ಈ ಬರಹ ನಿಮಗೆ ಸಿಕ್ಕಿದ ಕಡೆಗೇ ಬರೆದು ಕಳಿಸಿ. ನಿದ್ದೆಯಲ್ಲಿ ನಿಮ್ಮ ಅಂಕಿ ಎಷ್ಟಕ್ಕೆ ಇಳಿಯಿತು? ಬರೀ ಬಾಯಿ ಮುಚ್ಚಿದ್ದರಿಂದ ಇಳಿಯುತ್ತದೆಯೇ, ಮೂಗು ತುಂಬಿದರೆ ಶ್ವಾಸಕೋಶವೂ ಬಿಗಿಯುವುದು ನಿಜವೇ? ಮತ್ತೊಂದು, ಮನೆಗೆ ಕಳಿಸುವಾಗ ಯಾರಾದರೂ ಉಸಿರಿನ ಬಗ್ಗೆ ನಿಮಗೆ ಒಂದು ಮಾತು ಹೇಳಿದ್ದರೇ? ಹೇಳಿದ್ದರೆ ಯಾವ ಮಾತುಗಳಲ್ಲಿ ಹೇಳಿದರು, ಅದನ್ನು ಹಾಗೆಯೇ ಬರೆಯಿರಿ.